ವಿಕಿರಣಶೀಲ ಔಷಧಗಳು: ಜೀವಕೋಶಗಳಲ್ಲಿ ಅಸಮ ಹಂಚಿಕೆ ಮತ್ತು ಅದರ ಪರಿಣಾಮ

ಥೈರಾಯ್ಡ್ ಕ್ಯಾನ್ಸರಿನ ಕೆಲವು ವಿಧಗಳಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಉಳಿದಿರಬಹುದಾದ ರೋಗಪೀಡಿತ ಜೀವಕೋಶಗಳನ್ನು ನಾಶಪಡಿಸಲು ಅಯೋಡಿನ್-131 ನೀಡಲಾಗುತ್ತದೆ. ಇದರ ಅರ್ಧಾಯುಷ್ಯ ಸುಮಾರು 8 ದಿನಗಳು. ಎಲ್ಲಾ ಜೀವಕೋಶಗಳೂ ಈ ಔಷಧವನ್ನು ಸಮಪ್ರಮಾಣದಲ್ಲಿ ಹೀರಿಕೊಳ್ಳುವುದಿಲ್ಲ. ಆದುದರಿಂದ ಸರಾಸರಿ ವಿಕಿರಣ ಪ್ರಮಾಣವು ಸಾಕಷ್ಟಿದ್ದರೂ, ಕಡಿಮೆ ಪ್ರಮಾಣ ಪಡೆದ ಜೀವಕೋಶಗಳು ಬದುಕುಳಿದು ರೋಗವು ಮರುಕಳಿಸುವ ಸಾಧ್ಯತೆಯಿರುತ್ತದೆ.

ಅಯೋಡಿನ್-131 ಹೊರಸೂಸುವ ಬೀಟಾ ಕಣಗಳು ಅಂಗಾಂಶದಲ್ಲಿ ಗರಿಷ್ಠ ಸುಮಾರು 2 ಮಿಲಿಮೀಟರ್ ದೂರ ಸಾಗುವುದರಿಂದ, ನೆರೆಯ ಜೀವಕೋಶಗಳಿಗೂ ವಿಕಿರಣವು ತಲುಪಿ ಈ ಕೊರತೆಯು ಭಾಗಶಃ ನೀಗುತ್ತದೆ. ರೇಡಿಯಂ-223 ಹೊರಸೂಸುವ ಆಲ್ಫಾ ಕಣಗಳು 0.1 ಮಿಲಿಮೀಟರಿನೊಳಗೇ ನಿಲ್ಲುತ್ತವೆ. ಅವು ತಲುಪುವಲ್ಲಿ ಹಾನಿ ತೀವ್ರ, ತಲುಪದ ಕಡೆ ಪರಿಣಾಮ ಅತ್ಯಲ್ಪ.

ಸ್ಕ್ಯಾನ್ ಚಿತ್ರವು ಪ್ರತಿ ಜೀವಕೋಶದ ಸ್ಥಿತಿಯನ್ನು ತೋರಿಸಲಾರದು. ಆದಕಾರಣ, ಥೈರಾಯ್ಡ್ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ವೈದ್ಯರು ಸೂಚಿಸುವ ಥೈರೋಗ್ಲಾಬ್ಯುಲಿನ್ ರಕ್ತಪರೀಕ್ಷೆಯನ್ನು ತಪ್ಪದೇ ಮಾಡಿಸಿಕೊಳ್ಳುವುದು ಅತ್ಯವಶ್ಯಕ.