‘ಹ’ ಬಿಟ್ಟವರಿಗೆ ಇಂಗ್ಲಿಷ್ ಬಾರದೇ? ಐದು ತಪ್ಪು ಕಲ್ಪನೆಗಳು

ಗುಂಡ್ಲುಪೇಟೆಯಿಂದ ಒಂದು ರಸ್ತೆ ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿಗೆ. ಪೇಟೆಯ ಎಷ್ಟೋ ವ್ಯಾಪಾರಿಗಳು ಗಿರಾಕಿಯ ಮುಖ ನೋಡಿ ತಮಿಳಿಗೋ ಮಲಯಾಳಕ್ಕೋ ಹೊರಳಿಕೊಳ್ಳುತ್ತಾರೆ. ವ್ಯಾಕರಣ ತಪ್ಪಿತೆಂದು ವ್ಯಾಪಾರ ನಿಂತದ್ದಿಲ್ಲ. ಅದೇ ಬಾಯಿ ಇಂಗ್ಲಿಷ್ ಎಂದೊಡನೆ ಕಟ್ಟಿಹೋಗುತ್ತದೆ. ಹಾಗೆ ಕಟ್ಟಿಹಾಕುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ‘ಹಾಲು’ ಅನ್ನದೆ ‘ಆಲು’ ಅನ್ನುವ ಚಾಮರಾಜನಗರದ ನಾಲಿಗೆಗೆ ಇಂಗ್ಲಿಷ್ ಒಗ್ಗದು.

ಸತ್ಯ: ಹಕಾರ ನುಂಗುವ ರೂಢಿ ಲಂಡನ್ನಿನಲ್ಲೂ ಇದೆ. ಅಲ್ಲಿನ ಕಾಕ್ನಿ ಮಾತಿನಲ್ಲಿ ‘ಹೌಸ್’ ಎಂಬುದು ‘ಔಸ್’. ಶಿಷ್ಟ ಇಂಗ್ಲಿಷ್ ಕೂಡ ‘ಅವರ್’ (ಗಂಟೆ), ‘ಆನೆಸ್ಟ್’ (ಪ್ರಾಮಾಣಿಕ) ಪದಗಳಲ್ಲಿ ಎಚ್ ಬರೆಯುತ್ತದೆ, ಉಚ್ಚರಿಸುವುದಿಲ್ಲ. ಎಚ್ಚರ ಬೇಕಾದದ್ದು ಅರ್ಥ ಕೆಡುವ ಕಡೆ: ‘ಹೀಟ್’ ಅಂದರೆ ಕಾವು, ‘ಈಟ್’ ಅಂದರೆ ತಿನ್ನು, ‘ಹೇರ್’ ಕೂದಲು, ‘ಏರ್’ ಗಾಳಿ. ಇಂಥ ಜೋಡಿಗಳನ್ನು ಗಟ್ಟಿಯಾಗಿ ಹೇಳಿ ರೂಢಿಸಿಕೊಂಡರಾಯಿತು, ಮನೆಮಾತನ್ನು ತಿದ್ದಬೇಕಿಲ್ಲ.

ತಪ್ಪು ಕಲ್ಪನೆ 2: ಬರೆದಂತೆ ಓದಿದರೆ ಉಚ್ಚಾರಣೆ ಸರಿಬರುತ್ತದೆ.

ಸತ್ಯ: ಕನ್ನಡ ಓದಿ ಬೆಳೆದವರಿಗೆ ಹೀಗನ್ನಿಸುವುದು ಸಹಜ. ಆದರೆ ಇಂಗ್ಲಿಷಿನ ಅಕ್ಷರಗಳು 26, ಬ್ರಿಟಿಷ್ ಉಚ್ಚಾರಣೆಯ ಧ್ವನಿಗಳು ಸುಮಾರು 44. ಬಂಡೀಪುರದ ಚಿರತೆ ‘ಲಿಯೋಪಾರ್ಡ್’ ಅಲ್ಲ, ‘ಲೆಪರ್ಡ್’. ಕರಡಿ ‘ಬೇರ್’, ‘ಬಿಯರ್’ ಕಂಡೆ ಎಂದರೆ ಪ್ರವಾಸಿ ಬಾಟಲಿ ಹುಡುಕುತ್ತಾನೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚುಯಂತ್ರ ತಂದ ಮೇಲೆ ಕಾಗುಣಿತ ಮೆಲ್ಲಗೆ ಸ್ಥಿರವಾಗತೊಡಗಿತು. ಜನರ ಬಾಯಲ್ಲಿ ಸ್ವರಗಳು ಮಾತ್ರ ಬದಲಾಗುತ್ತಲೇ ಹೋದವು. ಸಾಲ ಎಂಬರ್ಥದ ‘ಡೆಟ್’ ಪದದ ಬಿ ಅಕ್ಷರವನ್ನಂತೂ ಲ್ಯಾಟಿನ್ನಿನ ‘ಡೆಬಿಟಮ್’ ನೆನಪಿಗೆ ಓದುಬರಹ ಬಲ್ಲವರು ನಡುವೆ ತುರುಕಿದರು.

ತಪ್ಪು ಕಲ್ಪನೆ 3: ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಸಾಕು.

ಸತ್ಯ: ಅದು ಅರ್ಧ ದಾರಿಯವರೆಗೆ ಮಾತ್ರ ಕರೆದೊಯ್ಯುತ್ತದೆ. ಒಳ ಅಂಗಿಯೂ ‘ವೆಸ್ಟ್’, ಪಶ್ಚಿಮವೂ ‘ವೆಸ್ಟ್’ ಎಂದೇ ನಾವು ಬರೆಯುತ್ತೇವೆ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಎರಡನೆಯದಕ್ಕೆ ಹಲ್ಲು ತಾಗದೆ ತುಟಿ ದುಂಡಗಾಗಬೇಕು. ಇಂಗ್ಲಿಷಿನ ಟಿ ನಮ್ಮ ತಕಾರಕ್ಕೂ ಟಕಾರಕ್ಕೂ ನಡುವಿನದು, ನಾಲಿಗೆಯ ತುದಿ ಮೇಲ್ಹಲ್ಲಿನ ಹಿಂದಿನ ವಸಡಿಗೆ ತಾಗುತ್ತದೆ. ಈ ವಿವರ ನಮಗೆ ಕಷ್ಟವಾಗಬಾರದು. ಕಂಠ್ಯ, ತಾಲವ್ಯ, ಮೂರ್ಧನ್ಯ ಎಂದು ಬಾಯೊಳಗಿನ ಜಾಗ ಹಿಡಿದೇ ನಮ್ಮ ವರ್ಣಮಾಲೆಯನ್ನು ಜೋಡಿಸಿದ್ದಾರೆ. 1888ರಲ್ಲಿ ಮೊದಲು ಪ್ರಕಟವಾದ ಅಂತರರಾಷ್ಟ್ರೀಯ ಧ್ವನಿಲಿಪಿಯೂ ಧ್ವನಿಗೊಂದು ಗುರುತು ಎಂಬ ತತ್ವದ್ದು. ನಿಘಂಟುಗಳಲ್ಲಿ ಪದದ ಪಕ್ಕ ಕಾಣುವ ವಿಚಿತ್ರ ಅಕ್ಷರಗಳು ಹೆಚ್ಚಾಗಿ ಅವೇ.

ತಪ್ಪು ಕಲ್ಪನೆ 4: ಲಂಡನ್ ಧಾಟಿ ಬಂದರೇನೇ ಇಂಗ್ಲಿಷ್ ಬಂದಂತೆ.

ಸತ್ಯ: ಹಳೆಯ ಬಿಬಿಸಿ ವಾರ್ತೆಯಲ್ಲಿ ಕೇಳುತ್ತಿದ್ದ ಆ ಧಾಟಿಯಲ್ಲಿ ಮಾತಾಡುವವರು ಬ್ರಿಟನ್ನಿನಲ್ಲೇ ಅಲ್ಪಸಂಖ್ಯಾತರು. ಸ್ಕಾಟ್ಲೆಂಡಿನವರದು ಬೇರೆ, ಲಿವರ್‌ಪೂಲಿನವರದು ಬೇರೆ. ಕೇಳುವವರಿಗೆ ಧಾಟಿಗಿಂತ ಒತ್ತು ಮುಖ್ಯ. ಕನ್ನಡದಲ್ಲಿ ಒತ್ತು ಬದಲಾದರೆ ಪದ ಬದಲಾಗುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಗಮನಿಸುವುದೂ ಇಲ್ಲ. ಇಂಗ್ಲಿಷ್ ಪದದಲ್ಲಿ ಒಂದು ಕಡೆ ಭಾರ ಬಿದ್ದರೆ ಉಳಿದ ಸ್ವರಗಳು ಸೊರಗುತ್ತವೆ. ಸಫಾರಿಯಲ್ಲಿ ತೆಗೆದ ಚಿತ್ರ ‘ಫೋಟಗ್ರಾಫ್’, ಒತ್ತು ಮೊದಲಲ್ಲಿ. ತೆಗೆದವರು ‘ಫಟಾಗ್ರಫರ್’, ಒತ್ತು ‘ಟಾ’ ಮೇಲೆ. ‘ಡೆವಲಪ್’ನಲ್ಲೂ ಒತ್ತು ಎರಡನೆಯದಕ್ಕೆ, ನಾವು ಮೊದಲನೆಯದನ್ನು ಗುದ್ದುತ್ತೇವೆ.

ತಪ್ಪು ಕಲ್ಪನೆ 5: ಒಂದು ಪದಕ್ಕೆ ಒಂದು ಕನ್ನಡ ಅರ್ಥ ಬಾಯಿಪಾಠವಾದರೆ ಪದ ಬಂದಂತೆ.

ಸತ್ಯ: ‘ಚಾರ್ಜ್’ ತೆಗೆದುಕೊಳ್ಳಿ. ಮೊಬೈಲಿಗೆ ಹಾಕುವುದು ಚಾರ್ಜ್, ಆಟೋದವರು ಕೇಳುವುದು ಚಾರ್ಜ್, ಕಾಡಾನೆ ಮೈಮೇಲೆ ನುಗ್ಗುವುದೂ ಚಾರ್ಜ್, ಪೊಲೀಸರು ಹೊರಿಸುವ ಆರೋಪವೂ ಚಾರ್ಜೇ. ಯಾವ ಅರ್ಥ ಎಂಬುದನ್ನು ವಾಕ್ಯ ಹೇಳುತ್ತದೆ. ಇದನ್ನರಿತ ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ, ಪದವನ್ನು ಬಳಸುವ ಬಗೆ ತೋರಿಸುವ ನಿಘಂಟನ್ನು ಸಂಗಡಿಗರೊಂದಿಗೆ ಸಿದ್ಧಪಡಿಸಿದರು. 1942ರಲ್ಲಿ ಟೋಕಿಯೊದಲ್ಲಿ ಅಚ್ಚಾದ ಅದನ್ನೇ 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು. 1978ರ ಲಾಂಗ್‌ಮನ್ ನಿಘಂಟು ಸುಮಾರು 2,000 ಸರಳ ಪದಗಳೊಳಗೇ ಎಲ್ಲ ಅರ್ಥಗಳನ್ನೂ ವಿವರಿಸಿತು. ಹೈಸ್ಕೂಲು ಮುಗಿಸಿದವರು ಧೈರ್ಯವಾಗಿ ತೆರೆಯಬಹುದಾದ ಪುಸ್ತಕಗಳಿವು.

ಹಾಗಾದರೆ ಹೊಸ ಪದ ಎದುರಾದಾಗ ಮಾಡಬೇಕಾದದ್ದೇನು? ಧ್ವನಿಲಿಪಿಯಲ್ಲಿ ಮೇಲ್ಗಡೆ ಒಂದು ಪುಟ್ಟ ನೆಟ್ಟ ಗೆರೆ ಇರುತ್ತದೆ. ಅದರ ಮುಂದಿನ ಭಾಗಕ್ಕೆ ಒತ್ತು. ಫೋನಿನ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತಿ ಕೇಳಿ. ಕೊಟ್ಟಿರುವ ಉದಾಹರಣೆ ವಾಕ್ಯವನ್ನು ಬಾಯಿಬಿಟ್ಟು ಓದಿ. ಆಮೇಲೆ ನಿಮ್ಮ ಊರಿನ ಸಂಗತಿ ಹಾಕಿ, ಅದೇ ಪದ ಬಳಸಿ ಇನ್ನೊಂದು ವಾಕ್ಯ ಮಾಡಿ, ಯಾರಿಗಾದರೂ ಹೇಳಿ. ತಮಿಳು, ಮಲಯಾಳ ಪೇಟೆಯವರ ಬಾಯಿಗೆ ಬಂದದ್ದು ಹೀಗೆ ಆಡಿ ಆಡಿಯೇ.