ಕಿಟಕಿಯಲ್ಲಿ ಕಾಣಬೇಕಾದ್ದು ವಿಳಾಸ, ಹಣವಲ್ಲ



ಸ್ಟುಡಿಯೋದ ಗಾಜಿನ ಕಿಟಕಿ ನನಗೆ ಹಳೆಯ ಸ್ನೇಹಿತ. ಲಕೋಟೆಯ ಕಿಟಕಿಯ ಪರಿಚಯವಾದದ್ದು ಮಾತ್ರ ಒಂದು ಪೇಚಿನಿಂದ.

ನಮ್ಮ ಪುಟ್ಟ ಕನ್ನಡ ಬಳಗ ಕಾಸರಗೋಡಿನ ಕೆಲವು ಕನ್ನಡ ಮಾಧ್ಯಮದ ಮಕ್ಕಳಿಗೆ ಓದಿನ ಖರ್ಚಿಗೆಂದು ಹಣ ಕಳಿಸುತ್ತದೆ. ಇಬ್ಬರ ಸಹಿ ಬೇಕು ಎಂಬ ನಿಯಮವಿರುವುದರಿಂದ ಚೆಕ್ಕೇ ಆಗಬೇಕು. ಖಜಾಂಚಿಯವರು ಕಂಪ್ಯೂಟರಿನ ಲೆಕ್ಕದ ತಂತ್ರಾಂಶದಿಂದ ಚೆಕ್ಕುಗಳನ್ನು ಅಂದವಾಗಿ ಮುದ್ರಿಸಿಕೊಟ್ಟರು. ಲಕೋಟೆಗೆ ತುಂಬಿ ತಂಪಾನೂರಿನಲ್ಲಿ ಅಂಚೆಗೆ ಹಾಕುವ ಕೆಲಸ ನನ್ನದು. ವಿಳಾಸ ಬರೆಯುವ ಶ್ರಮ ತಪ್ಪಲಿ ಎಂದು ಕಿಟಕಿ ಲಕೋಟೆ ತಂದೆ. ಕೆಲವು ದಿನಗಳಲ್ಲಿ ಒಂದು ಲಕೋಟೆ ವಾಪಸ್! ಒಳಗಿನ ಕಾಗದ ಕೆಳಕ್ಕೆ ಜಾರಿತ್ತು. ಹುಡುಗಿಯ ಹೆಸರು, ಮನೆಯ ಹೆಸರು ಕಾಣುತ್ತಿದ್ದವು. ಊರೂ ಇಲ್ಲ, ಪಿನ್‌ಕೋಡೂ ಇಲ್ಲ. ಅಷ್ಟರಲ್ಲಿ ಶುಲ್ಕ ಕಟ್ಟುವ ದಿನ ಕಳೆದಿತ್ತು. ಫೋನ್ ಮಾಡಿದರೆ ಅವಳ ಅಪ್ಪ, "ಪರವಾಗಿಲ್ಲ, ಕೈಗಡ ತಂದು ಕಟ್ಟಿದೆವು" ಎಂದರು. ಆ 'ಪರವಾಗಿಲ್ಲ' ನನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಆಮೇಲೆ ಸ್ಕೇಲು ಹಿಡಿದು ಕೂತೆ. ಕಲಿತದ್ದನ್ನು ಹೇಳುತ್ತೇನೆ. ಸಂಘ, ಅಂಗಡಿ, ವಸತಿ ಸಮುಚ್ಚಯದ ಲೆಕ್ಕ ನೋಡುವವರಿಗೆ ಉಪಯೋಗಕ್ಕೆ ಬಂದೀತು.

ಮೊದಲ ಪಾಠ: ನಮ್ಮ ಚೆಕ್ಕಿಗೆ ಒಪ್ಪುವ ಕಿಟಕಿ ಹುಡುಕುವುದೇ ತಪ್ಪು. ಕಿಟಕಿ ಲಕೋಟೆ ಅಮೆರಿಕದ್ದು. ಷಿಕಾಗೋದ ಅಮೆರಿಕಸ್ ಕ್ಯಾಲಹನ್ 1902ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅಲ್ಲಿ ಕ್ವಿಕನ್‌ನಂಥ ತಂತ್ರಾಂಶದಿಂದ ಮುದ್ರಿಸುವ ಚೆಕ್ಕಿನ ಮೇಲೆ ಹಣ ಪಡೆಯುವವರ ಹೆಸರಿನ ಕೆಳಗೆ ವಿಳಾಸವನ್ನೂ ಹಾಕಬಹುದು. ಅದಕ್ಕೆ ಸರಿಹೊಂದುವ ಕಿಟಕಿ ಲಕೋಟೆಗಳು ಅಲ್ಲಿ ಸಿಗುತ್ತವೆ. ನಮ್ಮ ಬ್ಯಾಂಕಿನ ಚೆಕ್ಕಿನಲ್ಲಿ ಹೆಸರಿಗೆ ಜಾಗವಿದೆ, ವಿಳಾಸಕ್ಕೆ ಇಲ್ಲ. ಚೆಕ್ಕನ್ನೇ ಕಿಟಕಿಗೆ ಆನಿಸಿ ಇಟ್ಟರೆ ಮೊತ್ತವೋ ಖಾತೆ ಸಂಖ್ಯೆಯೋ ದಾರಿಯುದ್ದಕ್ಕೂ ಎಲ್ಲರಿಗೂ ಕಾಣುತ್ತದೆ.

ಹಾಗಾದರೆ ವಿಳಾಸ ಎಲ್ಲಿ? ಚೆಕ್ಕಿನ ಜೊತೆ ಕಳಿಸುವ ಎ4 ಪತ್ರದ ಮೇಲೆ. ಯಾವ ಬಾಬ್ತು, ಎಷ್ಟು ಹಣ, ಚೆಕ್ಕಿನ ಸಂಖ್ಯೆ ಎಷ್ಟು ಎಂದು ತಿಳಿಸುವ ಪತ್ರ ಅದು. ಅದನ್ನು ಮೂರು ಮಡಿಕೆ ಮಾಡಿ ವಿಳಾಸದ ಭಾಗವನ್ನು ಮುಂದಕ್ಕೆ ಬಿಟ್ಟು, ಚೆಕ್ಕನ್ನು ಮಡಿಕೆಯೊಳಗೆ ಇಡಬೇಕು. ಕಿಟಕಿ ಹೊಂದಬೇಕಾದ್ದು ಈ ಪತ್ರಕ್ಕೆ.

ಎರಡನೆಯ ಪಾಠ: ಲಕೋಟೆ ದೊಡ್ಡದಾದಷ್ಟೂ ಕಾಗದ ಜಾರುತ್ತದೆ. ಮೂರು ಮಡಿಕೆಯ ಎ4 ಹಾಳೆ 210 ಮಿಲಿಮೀಟರ್ ಉದ್ದ, 99 ಅಗಲ. ಚೆಕ್ಕು ಸುಮಾರು 202 ಉದ್ದ, 92 ಅಗಲ. ಡಿಎಲ್ ಎಂಬ ಲಕೋಟೆ 220 ಉದ್ದ, 110 ಅಗಲ. ಇದರಲ್ಲಿ ಪತ್ರ ಅಡ್ಡಕ್ಕೆ 10, ಮೇಲೆ ಕೆಳಗೆ 11 ಮಿಲಿಮೀಟರಿನಷ್ಟೇ ಜಾರೀತು. ನಾನು ತಂದದ್ದು ಹತ್ತು ಇಂಚು ಉದ್ದ, ನಾಲ್ಕೂವರೆ ಇಂಚು ಅಗಲದ್ದು. ಅದರಲ್ಲಿ ಅಡ್ಡಕ್ಕೇ 44 ಮಿಲಿಮೀಟರ್ ಬಯಲು! ಇನ್ನು ಒಂಬತ್ತಕ್ಕೆ ನಾಲ್ಕು ಇಂಚಿನದಕ್ಕೆ ಅಗಲದಲ್ಲಿ ಉಳಿಯುವುದು ಎರಡೂವರೆ ಮಿಲಿಮೀಟರ್. ಒಳಗಿನ ಅಂಟಿನ ಅಂಚನ್ನೂ ಲೆಕ್ಕ ಹಾಕಿದರೆ ತುಂಬುವಾಗ ಬಿಗಿ.

ಮೂರನೆಯ ಪಾಠ: ವಿಳಾಸ ಕಿಟಕಿಗಿಂತ ಸಣ್ಣದಿರಬೇಕು, ಕಾಗದ ಎಷ್ಟು ಜಾರುತ್ತದೋ ಅಷ್ಟು ಸಣ್ಣದು. ಕಿಟಕಿ 90ಕ್ಕೆ 35 ಮಿಲಿಮೀಟರ್ ಇದೆಯೆನ್ನಿ. ಡಿಎಲ್ ಲಕೋಟೆಯಾದರೆ ವಿಳಾಸ 80 ಅಗಲ, 24 ಎತ್ತರ ಮೀರಬಾರದು. ಸಾಧಾರಣ ಅಕ್ಷರದಲ್ಲಿ ಐದು ಸಾಲು ಹಿಡಿಸುತ್ತದೆ. ಕೇರಳದ ವಿಳಾಸ ಗೊತ್ತಲ್ಲ: ಮನೆಯ ಹೆಸರು, ಅಂಚೆ, ದಾರಿ, ಜಿಲ್ಲೆ ಎಂದು ಉದ್ದವಾಗುತ್ತಾ ಹೋಗುತ್ತದೆ. ಚಿಕ್ಕದು ಮಾಡಬೇಕಾದರೆ ಬೇರೆ ಏನನ್ನಾದರೂ ಮಾಡಿ, ಪಿನ್‌ಕೋಡನ್ನು ಮಾತ್ರ ಬಿಡಬೇಡಿ. ಕಾಸರಗೋಡಿಗೆ 671121 ಎಂದು ಕಂಡರೆ ಸಾಕು, ಕಾಗದ ಆ ಊರಿನ ದಾರಿ ಹಿಡಿಯುತ್ತದೆ.

ಕೊಳ್ಳಲು ಹೋಗುವಾಗ ಮುದ್ರಿಸಿ ಮಡಿಸಿದ ಒಂದು ಪತ್ರವನ್ನೂ ಚೆಕ್ಕಿನ ಅಳತೆಗೆ ಕತ್ತರಿಸಿದ ಒಂದು ಬಿಳಿ ಹಾಳೆಯನ್ನೂ ಒಯ್ಯಿರಿ. ತಿರುವನಂತಪುರದವರಿಗೆ ಚಾಲ ಮಾರುಕಟ್ಟೆ ತಂಪಾನೂರಿಗೆ ಹತ್ತಿರ. ಕೊಚ್ಚಿಯವರಿಗೆ ಎರ್ನಾಕುಲಂನ ಬ್ರಾಡ್‌ವೇ ಇದೆ. "ವಿಂಡೋ ಕವರ್" ಎಂದು ಕೇಳಿ. ಕಟ್ಟು ಕೊಳ್ಳುವ ಮುನ್ನ ಒಂದರಲ್ಲಿ ಹಾಕಿ, ನಾಲ್ಕೂ ಅಂಚುಗಳನ್ನು ಮೇಜಿನ ಮೇಲೆ ಕುಟ್ಟಿ ನೋಡಿ. ಪ್ರತಿ ಸಲವೂ ಪೂರ್ತಿ ವಿಳಾಸ ಕಾಣಬೇಕು, ಬೇರೇನೂ ಕಾಣಬಾರದು. ಎರಡು ನಿಮಿಷದ ಕೆಲಸ. ನಾನು ಮಾಡದೆ ಬಿಟ್ಟದ್ದು ಇದನ್ನೇ.

ಚೆಕ್ಕಿನ ಬಗ್ಗೆಯೂ ಎರಡು ಮಾತು. ಮುದ್ರಿಸುವ ಮೊದಲು ಬಿಳಿ ಹಾಳೆಯ ಮೇಲೆ ಮುದ್ರಿಸಿ, ಚೆಕ್ಕಿನ ಜೊತೆ ಸೇರಿಸಿ ಬೆಳಕಿಗೆ ಹಿಡಿದು ನೋಡಿ. ಹೆಸರು ಅಥವಾ ಮೊತ್ತ ತಪ್ಪಾದರೆ ತಿದ್ದುವಂತಿಲ್ಲ, ಹೊಸ ಚೆಕ್ಕೇ ಬೇಕು. ಕೆಳಗಿನ ಬಿಳಿ ಪಟ್ಟಿಯನ್ನು ಯಂತ್ರ ಓದುತ್ತದೆ. ಅಲ್ಲಿ ಪಿನ್ನು ಹೊಡೆಯಬೇಡಿ, ಮಡಿಸಬೇಡಿ. ಚೆಕ್ಕಿನ ಆಯುಸ್ಸು ಬರೆದ ತಾರೀಖಿನಿಂದ ಮೂರು ತಿಂಗಳು; 2012ರ ಏಪ್ರಿಲ್‌ಗೆ ಮೊದಲು ಆರು ತಿಂಗಳಿತ್ತು. ಅಲೆದಾಡಿ ವಾಪಸಾದ ಲಕೋಟೆ ಆ ಆಯುಸ್ಸನ್ನೂ ತಿನ್ನುತ್ತದೆ. ಕಳಿಸುವವರ ವಿಳಾಸವನ್ನು ಲಕೋಟೆಯ ಹಿಂದೆ ಮರೆಯದೆ ಬರೆಯಿರಿ; ನಮ್ಮದು ಮರಳಿ ಸಿಕ್ಕಿದ್ದು ಅದರಿಂದಲೇ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಮುಖ್ಯವಾದ ಚೆಕ್ಕನ್ನು ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಈ ಸಲವೂ ಲಕೋಟೆ ತುಂಬುವ ಕೆಲಸ ನನಗೇ ಬಂತು. ಡಿಎಲ್ ಲಕೋಟೆ, ಐದು ಸಾಲಿನ ವಿಳಾಸ. ಒಂದೊಂದನ್ನೂ ಮೇಜಿಗೆ ಕುಟ್ಟುತ್ತಿದ್ದರೆ ಪಕ್ಕದ ಕೋಣೆಯವರು ಬಂದು, "ಏನು, ಮದ್ದಳೆ ಅಭ್ಯಾಸವೇ?" ಎಂದರು. ಆಗಲಿ ಬಿಡಿ. ಎಲ್ಲ ಲಕೋಟೆಗಳೂ ಮುಟ್ಟಿವೆ. ಆ ಹುಡುಗಿ ಈ ಬಾರಿ ಹೊತ್ತಿಗೆ ಮುಂಚೆಯೇ ಶುಲ್ಕ ಕಟ್ಟಿದಳಂತೆ.

ಮತ್ತೆ ಸಿಗೋಣ, ಬಾನುಲಿಯಲ್ಲಿ.