ಮಾಳಿಗೆಯಾದರೇನು, ಹಂಚಾದರೇನು: ಸೋರುವ ಮನೆಯ ಪಾಡು ಒಂದೇ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ನಮ್ಮ ಹಿರಿಯರು. ಕಟ್ಟುವ ಕಷ್ಟಕ್ಕೆ ಗಾದೆ ಮಾಡಿದರೇ ಹೊರತು, ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟಕ್ಕೆ ಮಾಡಲಿಲ್ಲ. ಮದುವೆ ಎರಡು ದಿನದಲ್ಲಿ ಮುಗಿಯುತ್ತದೆ. ಮನೆಯ ಕೆಲಸ ಮಾತ್ರ ಮುಗಿಯುವುದೇ ಇಲ್ಲ. ಗೆದ್ದಲು ಹಿಡಿದ ಪಕಾಸಿ, ಮಂಗ ಒಡೆದ ಹಂಚು, ಆಷಾಢದಲ್ಲಿ ತೇವ ಏರುವ ಗೋಡೆ ಇವು ನಮ್ಮ ಬೆಳೆಗಾರ ಬಂಧುಗಳಿಗೆ ಹೊಸತಲ್ಲ.

ನಾವು ಕೆಲವರು ಬೆಳೆಗಾರರು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಹೋಗಿಬಂದೆವು. ಗುಡಿ ಗುಹೆಗಳನ್ನು ನೋಡಲೆಂದು ಹೋದವರು ಮನೆಗಳನ್ನು ನೋಡುತ್ತಾ ನಿಂತೆವು ಎಂದರೆ ತಪ್ಪಾಗದು. ಅಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿಗೂ ಕಡಿಮೆ. ನಮ್ಮಲ್ಲಿ ಅಷ್ಟನ್ನು ಒಂದು ಜುಲೈ ತಿಂಗಳೇ ಸುರಿದುಬಿಡುತ್ತದೆ. ಆದರೂ ಅವರ ಚಿಂತೆಯೂ ಸೋರುವ ಮಾಡಿನದೇ.

ಮಣ್ಣಿನ ಮಾಡು

ಆ ಕಡೆಯ ಹಳೆಯ ಮನೆ ಎಂದರೆ ಮಾಳಿಗೆ ಮನೆ. ಗೋಡೆ ಊರಿನ ಕಲ್ಲಿನದು. ಬಾದಾಮಿಯ ಸುತ್ತ ಕೆಂಪು ಮರಳುಗಲ್ಲು, ಇಳಕಲ್ ಕಡೆ ಕೆಂಪು ಗ್ರಾನೈಟು. ನಡುವೆ ಮಣ್ಣಿನ ಗಾರೆ. ಒಳಗೆ ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ. ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು ಹಾಸಿ, ಅದರ ಮೇಲೆ ಒಂದು ಅಡಿಯಷ್ಟು ಮಣ್ಣು ಹಾಕಿ ಬಡಿದು ಗಟ್ಟಿ ಮಾಡುತ್ತಾರೆ. ಮಾಡು ಚಪ್ಪಟೆ. ನೀರು ಹರಿಯಲು ಒಂದು ಕಡೆಗೆ ತುಸು ಓಟ, ಅಂಚಿನಲ್ಲಿ ನೀರು ಹೊರಬೀಳಲು ದೋಣಿ. ಒಳಗೆ ಬೆಳಕು ಬರಲು ಮಾಳಿಗೆಯಲ್ಲಿ ಬೆಳಕಿಂಡಿ. ಮಳೆ ಬಂದಾಗ ಯಾರಾದರೂ ಓಡಿಹೋಗಿ ಅದನ್ನು ಮುಚ್ಚಬೇಕು.

ಮಣ್ಣಿನ ಮಾಡು ಸೋರುವುದಿಲ್ಲವೇ ಎಂದು ನಮಗೆ ಅನುಮಾನ. ಅದರ ಗುಟ್ಟು ಮೇಲಿನ ಪದರದಲ್ಲಿದೆ. ಆ ಪದರಕ್ಕೆ ಹಾಕುವುದು ಸವುಳು ಮಣ್ಣು. ಹೊಲದಲ್ಲಿ ಸವುಳು ಕಂಡರೆ ರೈತ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಸೋಡಿಯಂ ಉಪ್ಪು ಹೆಚ್ಚಿದ ಜೇಡಿಮಣ್ಣು ನೀರು ತಾಗಿದೊಡನೆ ಕದಡಿ ಉಬ್ಬಿ, ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಕೆಳಗಿಳಿಯದೆ ಬೇರು ಉಸಿರುಗಟ್ಟುತ್ತದೆ. ಹೊಲವನ್ನು ಕೊಲ್ಲುವ ಆ ಗುಣವೇ ಮಾಳಿಗೆಯನ್ನು ಕಾಯುತ್ತದೆ. ಮಣ್ಣಿನ ಪರೀಕ್ಷೆ ಮಾಡುವ ಪ್ರಯೋಗಾಲಯ ಇಲ್ಲದ ಕಾಲದಲ್ಲೇ ಜನ ಇದನ್ನು ಕಂಡುಕೊಂಡಿದ್ದರು.

ಬೇಸಗೆಯಲ್ಲಿ ಅಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ದಪ್ಪ ಗೋಡೆ, ದಪ್ಪ ಮಾಳಿಗೆಯ ಒಳಗೆ ಹೊಕ್ಕರೆ ಬಾವಿಯ ಹತ್ತಿರ ಹೋದ ಹಾಗೆ ತಂಪು. ಹಗಲಿಗೆ ಮಾಳಿಗೆಯೇ ಅವರ ಅಂಗಳ: ಮೆಣಸಿನಕಾಯಿ, ಕಾಳು, ಸಂಡಿಗೆ ಎಲ್ಲಕ್ಕೂ ಅದೇ ಜಾಗ. ರಾತ್ರಿಗೆ ಹಾಸಿಗೆಯೂ ಅಲ್ಲೇ. ಅಡಿಕೆ ಒಣಗಿಸಲು ಜಾಗವಿಲ್ಲದೆ ಗೋಳಾಡುವ ನಮಗೆ, ಮನೆಯಷ್ಟೇ ಅಗಲದ ಕಣವನ್ನು ತಲೆಯ ಮೇಲೆ ಹೊತ್ತ ಮನೆ ಕಂಡು ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಭಾರದ ಲೆಕ್ಕ

ಈ ಸುಖಕ್ಕೆ ವರ್ಷಕ್ಕೊಮ್ಮೆ ಕಂದಾಯ ಕಟ್ಟಬೇಕು. ರೋಹಿಣಿ, ಮೃಗಶಿರ ಮಳೆಗೆ ಮೊದಲು ಮಾಳಿಗೆ ಹತ್ತಿ ಹುಲ್ಲು ಕಿತ್ತು, ಬಿರುಕಿಗೆ ಮಣ್ಣು ತುಂಬಿ, ಹೊಸ ಸವುಳು ಹರಡಿ ಬಡಿಯಬೇಕು. ದೋಣಿಗೆ ಕಸ ಕಟ್ಟಿದ್ದರೆ ಬಿಡಿಸಬೇಕು. ಮೊದಲ ಮಳೆ ಬಿದ್ದಾಗ ಮತ್ತೊಮ್ಮೆ ಹತ್ತಿ, ನೀರು ನಿಂತ ಕಡೆ ತುಳಿದು ಸರಿಮಾಡಬೇಕು.

ಬಾದಾಮಿ ಹತ್ತಿರದ ಹಳ್ಳಿಯೊಂದರಲ್ಲಿ ನಮಗೆ ರೊಟ್ಟಿ ಕೊಟ್ಟ ಮನೆಯ ಹಿರಿಯರು ಒಂದು ಮಾತು ಹೇಳಿದರು: “ಮಾಳಿಗಿ ಮ್ಯಾಲ ಹೊಸ ಮಣ್ಣ ಹಾಕೂದು ದೊಡ್ಡದಲ್ರಿ, ಹಳೀದು ತಗಿಯೂದು ದೊಡ್ಡದು.” ಆಗ ಅರ್ಥವಾಗಲಿಲ್ಲ. ಆಮೇಲೆ ಕಾಗದ ಪೆನ್ನು ಹಿಡಿದು ಕುಳಿತಾಗ ತಿಳಿಯಿತು.

ಹತ್ತಡಿಗೆ ಹತ್ತಡಿ ಕೋಣೆಯ ಮೇಲೆ ಒಂದು ಅಡಿ ಮಣ್ಣೆಂದರೆ 100 ಘನ ಅಡಿ; ಹೆಚ್ಚುಕಡಿಮೆ ನಾಲ್ಕೂವರೆಯಿಂದ ಐದು ಟನ್ ಭಾರ. ಅದೇ ಅಳತೆಯ ಮಾಡಿಗೆ ನಮ್ಮ ಮಂಗಳೂರು ಹಂಚು ಸುಮಾರು 140 ಬೇಕು. ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ 350 ಕಿಲೋ ಆಯಿತು. ಇನ್ನು ಸೋರಿದಾಗಲೆಲ್ಲ ಹಳೆಯದನ್ನು ಕೆರೆಯದೆ ವರ್ಷಕ್ಕೆ ಅರ್ಧ ಅಂಗುಲ ಹೊಸ ಮಣ್ಣು ಹೇರುತ್ತಾ ಹೋದರೆ ಹತ್ತು ವರ್ಷಕ್ಕೆ ಐದು ಅಂಗುಲ. ಎಂದರೆ ಮತ್ತೆ ಎರಡು ಟನ್. ಅಷ್ಟರಲ್ಲಿ ಜಂತಿಗೂ ಹತ್ತು ವರ್ಷ ವಯಸ್ಸಾಗಿರುತ್ತದೆ, ಗೆದ್ದಲೂ ಬಂದಿರುತ್ತದೆ. ಮೇಲಿನ ಭಾರ ಏರುತ್ತಾ, ಕೆಳಗಿನ ಬಲ ಇಳಿಯುತ್ತಾ ಹೋಗಿ ಒಂದು ದಿನ ಎರಡೂ ಸಂಧಿಸುತ್ತವೆ. ಸೋರಿಕೆ ನಿಲ್ಲಿಸಲು ಮಾಡಿದ ದುರಸ್ತಿಯೇ ಮನೆಯನ್ನು ಕೆಡವಬಹುದು ಎಂಬುದು ಆ ಹಿರಿಯರ ಮಾತಿನ ಹುರುಳು.

ಹಸ್ತ ಮಳೆಯ ವರ್ಷ

ಆ ದಿನ 2009ರಲ್ಲಿ ಎಷ್ಟೋ ಮನೆಗಳಿಗೆ ಒಟ್ಟಿಗೇ ಬಂದಿತು. ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ಅಕ್ಟೋಬರ್ ಮೊದಲ ದಿನಗಳವರೆಗೆ ಬಿಡಲಿಲ್ಲ. ಮಾಳಿಗೆಯ ಮಣ್ಣು ನೀರು ಕುಡಿದು ಇನ್ನಷ್ಟು ಭಾರವಾಯಿತು, ಗೋಡೆಯ ಮಣ್ಣುಗಾರೆ ಕರಗಿತು. ಉತ್ತರ ಕರ್ನಾಟಕದಲ್ಲಿ ಲಕ್ಷಗಟ್ಟಲೆ ಮನೆಗಳು ಬಿದ್ದವು ಇಲ್ಲವೇ ಜಖಂಗೊಂಡವು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿದಾಗ ದಡದ ಹಳ್ಳಿಗಳಿಗೆ ಅದೇ ಪಾಡು ಇನ್ನೊಮ್ಮೆ.

2009ರ ನೆರೆಯ ನಂತರ ಸರ್ಕಾರವು ‘ಆಸರೆ’ ಯೋಜನೆಯಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಕಾಂಕ್ರೀಟಿನ ಮಾಡು, ನೇರ ಬೀದಿ. ನಾಲ್ಕು ಅಂಗುಲದ ಸ್ಲ್ಯಾಬಾದರೆ ಅದೇ ಕೋಣೆಗೆ ಎರಡೂವರೆ ಟನ್ನಿನ ಒಳಗೇ ಭಾರ ಮುಗಿಯುತ್ತದೆ, ವರ್ಷವರ್ಷ ಮಣ್ಣು ಹೊರುವ ಕೆಲಸವೂ ಇಲ್ಲ. ಆದರೆ ರೈತನ ಮನೆ ಎಂದರೆ ಮನುಷ್ಯರ ಮನೆ ಮಾತ್ರವಲ್ಲ. ಎತ್ತಿಗೆ, ಮೇವಿಗೆ, ಕಾಳಿಗೆ ಎಲ್ಲಿ ಜಾಗ? ಬಿಸಿಲಿಗೆ ಕಾದ ಸ್ಲ್ಯಾಬು ನಡುರಾತ್ರಿಯವರೆಗೆ ಒಳಗಿನವರನ್ನು ಬೇಯಿಸುತ್ತದೆ. ಒಬ್ಬ ತಾಯಿ ನಗುತ್ತಲೇ ಅಂದರು: “ಸೋರೂ ಮನಿ ಬಿಟ್ಟು ಕಾಯೂ ಮನಿಗೆ ಬಂದೇವಿ ನೋಡ್ರಿ.” ಮನೆ ಬದಲಾದರೆ ತಲೆನೋವಿನ ಹೆಸರು ಬದಲಾಗುತ್ತದೆ ಅಷ್ಟೆ.

ಮಗ್ಗ ಇರುವ ಮನೆ

ಇಳಕಲ್‌ನಲ್ಲಿ ಮನೆಯೇ ಕಾರ್ಖಾನೆ. ಸೆರಗನ್ನು ಮೈಗೆ ಕೊಂಡಿ ಹಾಕಿ ಜೋಡಿಸುವ ಸೀರೆ ಅಲ್ಲಿನ ಹೆಸರನ್ನು ದೂರದೂರಕ್ಕೆ ಒಯ್ದಿದೆ. ಕೈಮಗ್ಗದವರ ಮನೆಯಲ್ಲಿ ನೆಲವನ್ನು ಅಗೆದು ಮಾಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಾರೆ. ನೆಲದ ತಂಪು, ತುಸು ಪಸೆ ಇದ್ದರೆ ನೂಲು ಕಡಿಯುವುದಿಲ್ಲ. ಪಸೆ ಹೆಚ್ಚಾಗಿ ಕುಣಿಗೆ ನೀರು ಬಂದರೆ ಕೆಲಸ ನಿಂತಿತು. ಹಾಸಿನ ಮೇಲೆ ಮಾಳಿಗೆಯ ಒಂದು ತೊಟ್ಟು ಕೆಂಪುನೀರು ಬಿದ್ದರೆ ಸೀರೆಯೇ ಹೋಯಿತು. ಸೋರುವ ಮನೆಯಲ್ಲಿ ನಾವು ಹಾಸಿಗೆ ಸರಿಸುತ್ತೇವೆ, ನೆಲದಲ್ಲಿ ಹೂತ ಮಗ್ಗವನ್ನು ಸರಿಸುವುದು ಹೇಗೆ? ನೇಕಾರನಿಗೆ ಮನೆ ದುರಸ್ತಿ ಎಂಬುದು ಮಗ್ಗದ ದುರಸ್ತಿಯಷ್ಟೇ ಮುಖ್ಯ.

ಗುಡಿಯ ನೆರೆಯ ಮನೆ

ಹುನಗುಂದದಿಂದ ಐಹೊಳೆಗೆ ಹೋದೆವು. ಹಿಂದೆ ಅಲ್ಲಿ ಗುಡಿಗಳಲ್ಲೇ ಜನ ವಾಸವಿದ್ದರು. ಲಾಡ್ ಖಾನ್ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ವಾಸವಿದ್ದವನಿಂದ ಎನ್ನುತ್ತಾರೆ. ಅದರ ಮಾಡನ್ನು ಮನೆಯೊಡೆಯರೆಲ್ಲ ನೋಡಬೇಕು. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದಿಸಂದಿಯ ಮೇಲೂ ಉದ್ದನೆಯ ಕಲ್ಲಿನ ದಿಂಡು ಕೂರಿಸಿದ್ದಾರೆ, ನೀರು ಇಳಿಯಬಾರದೆಂದು. ಚಾಲುಕ್ಯರ ಕಾಲದ ಶಿಲ್ಪಿಗೂ ಸೋರಿಕೆಯ ಭಯ ಇತ್ತು, ಸೋರುವುದು ಸಂದಿಯಲ್ಲೇ ಎಂಬ ತಿಳಿವೂ ಇತ್ತು.

ಇಂಥ ಗುಡಿಯ ನೆರೆಯಲ್ಲಿ ಮನೆ ಇರುವುದು ಹೆಮ್ಮೆಯೂ ಹೌದು, ಫಜೀತಿಯೂ ಹೌದು. 2010ರ ತಿದ್ದುಪಡಿ ಕಾನೂನಿನ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಇದ್ದ ಮನೆಯನ್ನು ದುರಸ್ತಿ ಮಾಡಲೂ ಅನುಮತಿ ಬೇಕು. ಗುಡಿಗಳು ಉಳಿಯಬೇಕಾದರೆ ಇಂಥ ಕಟ್ಟಳೆ ಬೇಕು, ನಿಜ. ಆದರೆ ಮಳೆ ಅರ್ಜಿಯ ದಾರಿ ಕಾಯುವುದಿಲ್ಲ.

ಮುಳುಗಿದ ಮನೆ

ಬಾಗಲಕೋಟೆಯ ಕಥೆ ಇವೆಲ್ಲಕ್ಕಿಂತ ಭಾರವಾದದ್ದು. ನಮ್ಮ ಕಡೆ ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರಲ್ಲೇ ಅಲ್ಲಿ ಆಲಮಟ್ಟಿಗೆ ಅಡಿಗಲ್ಲು ಬಿದ್ದಿತು. ಕೃಷ್ಣೆಯ ಹಿನ್ನೀರು ಘಟಪ್ರಭೆಯಗುಂಟ ಏರಿ ಹಳೆಯ ಊರಿನ ತಗ್ಗಿನ ಭಾಗಗಳನ್ನು ತುಂಬಿದ್ದು ಹಲವು ದಶಕಗಳ ನಂತರ. ನಡುವಿನ ಅಷ್ಟು ವರ್ಷ ಜನ ಮುಳುಗುವ ಮನೆಯಲ್ಲೇ ಬದುಕಿದರು. ಇಂದಲ್ಲ ನಾಳೆ ನೀರಿಗೆ ಹೋಗುವ ಮನೆಗೆ ಸುಣ್ಣ ಬಳಿಯಬೇಕೇ? ಜಂತಿ ಬದಲಿಸಬೇಕೇ? ಬದಲಿಸದಿದ್ದರೆ ಮಲಗುವುದು ಯಾರ ತಲೆಯ ಮೇಲಿನ ಧೈರ್ಯದಿಂದ? ಶರಾವತಿಯಲ್ಲಿ ತೋಟ, ಮನೆ ಕಳೆದುಕೊಂಡವರ ಮಕ್ಕಳು ನಮ್ಮ ಸದಸ್ಯರಲ್ಲೂ ಇದ್ದಾರೆ; ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನವನಗರದಲ್ಲಿ ಸೆಕ್ಟರ್ ನಂಬರಿನ ವಿಳಾಸ, ಅಗಲ ರಸ್ತೆ. ಹಳೆಯ ಮನೆಯ ಕಂಬ, ಬಾಗಿಲು, ತೊಲೆಗಳನ್ನು ಬಿಚ್ಚಿ ತಂದು ಹೊಸ ಮನೆಗೆ ಜೋಡಿಸಿಕೊಂಡವರುಂಟು. ಗೋಡೆಗೆ ಪರಿಹಾರ ಬರುತ್ತದೆ. ಓಣಿಗೆ, ನೆರೆಮನೆಯ ಕಟ್ಟೆಗೆ ಬರುವುದಿಲ್ಲ. ಅಣೆಕಟ್ಟಿನ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ಒಪ್ಪಿತು. ಅಂದಿನಿಂದ ಇನ್ನಷ್ಟು ಊರುಗಳವರು ಅದೇ ಪ್ರಶ್ನೆಯೊಡನೆ ಬದುಕುತ್ತಿದ್ದಾರೆ.

ನಮ್ಮ ಮಾಡು, ಅವರ ಮಾಡು

1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆಯುವ ಮೊದಲು ನಮ್ಮ ಮಾಡುಗಳೂ ಸೋಗೆಯವು, ಮುಳಿಹುಲ್ಲಿನವು. ಅವನ್ನೂ ವರ್ಷವರ್ಷ ಹೊದಿಸಬೇಕಿತ್ತು. ಮುಯ್ಯಾಳಿನ ಪದ್ಧತಿಯಿಂದ ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ ಎಂದು ಕೆಲಸ ಸಾಗುತ್ತಿತ್ತು. ಹಂಚು ಬಂದ ಮೇಲೆ ಮಾಡನ್ನು ನೋಡುವ ಅಭ್ಯಾಸ ಕಡಿಮೆಯಾಯಿತು. ಸೋರಿದಾಗ ಮಾತ್ರ ತಲೆ ಎತ್ತಿ ನೋಡುತ್ತೇವೆ. ಆ ಹೊತ್ತಿಗೆ ರೀಪು ಕೊಳೆತಿರುತ್ತದೆ.

ನಮ್ಮಲ್ಲಿ ಅಡಿಕೆ, ಕಾಫಿಯ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಗೊಬ್ಬರಕ್ಕೆ, ಬೋರ್ಡೋ ದ್ರಾವಣದ ಮೈಲುತುತ್ತಕ್ಕೆ ಹಣ ತೆಗೆದಿಡುವ ಹಾಗೆ ಮನೆಯ ಮಾಡಿಗೂ ಒಂದು ಪಾಲು ಆಗಲೇ ತೆಗೆದಿಡುವುದು ಒಳ್ಳೆಯದು. ಮಾಡಿನ ಕೆಲಸ ದೊಡ್ಡದಲ್ಲ: ಒಡೆದ ಹಂಚು ಬದಲಿಸುವುದು, ಹಂಚಿನ ಮೇಲಿನ ತರಗೆಲೆ ಗುಡಿಸುವುದು, ಎರಡು ಮಾಡು ಕೂಡುವಲ್ಲಿ ತಗಡು ತೂತಾಗಿದೆಯೇ ನೋಡುವುದು, ಪಕಾಸಿಯನ್ನು ಬೆರಳಿನಿಂದ ತಟ್ಟಿ ಗೆದ್ದಲಿನ ಸದ್ದು ಕೇಳುವುದು. ಮೇ ತಿಂಗಳಲ್ಲಿ ಒಂದು ದಿನದ ಕೆಲಸ. ಬಿಟ್ಟರೆ ಆಗಸ್ಟಿನಲ್ಲಿ ಹತ್ತು ದಿನದ್ದು, ಅದೂ ಮಳೆಯಲ್ಲಿ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾರೆವು. ಮಂಗಳೂರಿನ ಕಟ್ಟಡ ಕೆಲಸಕ್ಕೆ, ನಮ್ಮ ಕಡೆಯ ತೋಟಗಳಿಗೆ ಬಾಗಲಕೋಟೆ, ಬಾದಾಮಿ ಕಡೆಯ ಜನ ಸಂಸಾರ ಸಮೇತ ದುಡಿಯಲು ಬರುತ್ತಾರೆ. ಬರುವುದು ಅವರ ಊರಿನಲ್ಲಿ ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ. ಅಲ್ಲಿನ ಮಾಳಿಗೆಗೆ ಮಣ್ಣು ಹಾಕಬೇಕಾದದ್ದೂ ಅವೇ ತಿಂಗಳುಗಳಲ್ಲಿ. ನಮ್ಮ ಮನೆ ಎತ್ತುವ ಕೈಗಳು ಇಲ್ಲಿರುವಾಗ ಅವರ ಮಾಳಿಗೆಯಲ್ಲಿ ಹುಲ್ಲು ಬೆಳೆಯುತ್ತಿರುತ್ತದೆ. ಮೇ ಕೊನೆಗೆ ಒಂದು ವಾರ ಊರಿಗೆ ಹೋಗಿ ಮಾಳಿಗೆ ನೋಡಿಬರುತ್ತೇವೆಂದು ಅವರು ಕೇಳಿದರೆ ಅದು ನೆಪವಲ್ಲ, ಕಳಿಸಿಕೊಡೋಣ. ಹಾಗೆಯೇ ನಮ್ಮ ಮನೆಯ ಹಂಚು ಸರಿಮಾಡಿಸಿದ ದಿನ ಏಣಿಯನ್ನು ಒಳಗಿಡುವ ಮೊದಲು ಲೈನ್ ಮನೆಯ ಗೋಡೆಗೂ ಒಮ್ಮೆ ಆನಿಸೋಣ. ಅವರು ಮಲಗುವುದು ಆ ಮಾಡಿನ ಕೆಳಗೆ.